ಶಾಲೆ ಬಿಟ್ಟ ಮೇಲೆ ಕ್ಲಾಸಿಕ್ ಓದು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸರ್, ನನಗೆ ಈಗ 41 ವರ್ಷ. ಹತ್ತನೇ ತರಗತಿ ಆದ ಮೇಲೆ ವಿಜ್ಞಾನ, ಆಮೇಲೆ ಎಂಜಿನಿಯರಿಂಗ್, ಆಮೇಲೆ ಕೆಲಸ. ಸಾಹಿತ್ಯ ಅಂತ ಓದಿದ್ದು ಪರೀಕ್ಷೆಗೆ ಬೇಕಾದಷ್ಟು ಮಾತ್ರ. ಈಗ ಓದಬೇಕು ಅನಿಸುತ್ತಿದೆ. ‘ಓದಲೇಬೇಕಾದ ನೂರು ಪುಸ್ತಕ’ ಎನ್ನುವಂಥ ಒಂದು ಪಟ್ಟಿ ಹಿಡಿದು ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ ಶುರು ಮಾಡಿದೆ. ಅರವತ್ತನೇ ಪುಟದ ಹತ್ತಿರ ನಿಂತುಬಿಟ್ಟೆ. ಯಾರು ಯಾರು ಅಂತಲೇ ತಿಳಿಯಲಿಲ್ಲ. ಪಂಪ, ರನ್ನ, ಕುಮಾರವ್ಯಾಸರ ಹೆಸರಷ್ಟೇ ಗೊತ್ತು. ಹಳೆಯದರಿಂದ ಕ್ರಮವಾಗಿ ಬರಬೇಕಾ? ಸಂಗ್ರಹ ಆವೃತ್ತಿ ಓದಿದರೆ ತಪ್ಪಾ? ಇಂಗ್ಲಿಷಿನಲ್ಲಿ ಓದಲಾ, ಕನ್ನಡದಲ್ಲಾ? ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ. ಅಷ್ಟರಲ್ಲಿ ಏನಾದರೂ ಆಗುತ್ತಾ?

ಉತ್ತರ: ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ಹರಿದು ಹಾಕಬೇಕಾಗಿಲ್ಲ, ಯಾವಾಗಲಾದರೂ ಬೇಕಾಗಬಹುದು. ಆದರೆ ಒಂದರಿಂದ ನೂರರವರೆಗೆ ಟಿಕ್ ಹಾಕುತ್ತಾ ಹೋಗುವ ಕೆಲಸ ಅದಲ್ಲ. ಪಟ್ಟಿ ಮಾಡಿದವರೂ ಆ ಕ್ರಮದಲ್ಲಿ ಓದಿರುವುದಿಲ್ಲ.

ಸಾಹಿತ್ಯ ಪಾಠ ಮಾಡುತ್ತಾ, ನೌಕರಿಯಲ್ಲಿರುವವರ ಜೊತೆ ಕೂತು ಓದುತ್ತಾ ನಾನು ಕಂಡದ್ದು ಇಷ್ಟು. ಇವರನ್ನು ಅರ್ಧ ದಾರಿಯಲ್ಲಿ ನಿಲ್ಲಿಸುವುದು ಪುಸ್ತಕದ ಕಷ್ಟ ಅಲ್ಲ, ಪರೀಕ್ಷೆಗೆ ಓದಿದ ಅಭ್ಯಾಸ. ಸಿಲೆಬಸ್ ಬೇಕು. ಮೊದಲ ಪಾಠದಿಂದಲೇ ಶುರುವಾಗಬೇಕು. ಒಂದು ಸಾಲೂ ಬಿಡಬಾರದು. ಓದಿದ್ದೆಲ್ಲ ಅರ್ಥವಾಗಬೇಕು, ಮುಗಿದ ಮೇಲೆ ಸಾರಾಂಶ ಹೇಳಲು ಬರಬೇಕು. ನೀವು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟಿವೆ. ಈಗ ನಿಮ್ಮನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಇದನ್ನು ತಲೆ ಒಪ್ಪುತ್ತದೆ, ಕೈ ಒಪ್ಪುವುದಿಲ್ಲ. ಪೆನ್ಸಿಲ್ ಹಿಡಿದು ಅಡಿಗೆರೆ ಎಳೆಯಲು ಶುರು ಮಾಡುತ್ತದೆ.

ಅರವತ್ತನೇ ಪುಟದಲ್ಲಿ ನಿಂತದ್ದಕ್ಕೆ ಬೇಜಾರು ಬೇಡ. ಅಲ್ಲಿ ನಿಲ್ಲುವವರು ಬಹಳ ಜನ. ಕಾದಂಬರಿ ಶುರುವಾಗುವುದೇ 1805ರ ಒಂದು ಸಂಜೆಯ ಕೂಟದಲ್ಲಿ. ಗುರುತಿಲ್ಲದವರ ಮದುವೆ ಮನೆಗೆ ಹೊಕ್ಕ ಹಾಗೆ, ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ, ಯಾರು ಯಾರಿಗೆ ಏನಾಗಬೇಕು ಅಂತ ಯಾರೂ ಹೇಳುವುದಿಲ್ಲ. ಜೊತೆಗೆ ಆ ಕಾಲದ ರಷ್ಯಾದ ಶ್ರೀಮಂತರು ಮಾತಾಡುತ್ತಿದ್ದದ್ದು ಫ್ರೆಂಚ್. ಕಾದಂಬರಿಯ ಮೊದಲ ಮಾತೇ ಫ್ರೆಂಚಿನಲ್ಲಿದೆ. ಕೆಲವು ಅನುವಾದಗಳು ಅದನ್ನು ಹಾಗೇ ಉಳಿಸಿಕೊಂಡು ಅಡಿಯಲ್ಲಿ ಅರ್ಥ ಕೊಡುತ್ತವೆ. ಅಂಥ ಪ್ರತಿ ನಿಮ್ಮ ಕೈಗೆ ಸಿಕ್ಕಿದ್ದರೆ ಕಷ್ಟ ದುಪ್ಪಟ್ಟು.

ಇನ್ನು ಹೆಸರುಗಳು. ರಷ್ಯನ್ನರಿಗೆ ಮೂರು ಹೆಸರು: ಸ್ವಂತ ಹೆಸರು, ತಂದೆಯ ಹೆಸರಿನಿಂದ ಮಾಡಿದ್ದು, ಮನೆತನದ್ದು. ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯ ನಾಯಕ ರೋದಿಯೋನ್ ರೊಮಾನೊವಿಚ್ ರಸ್ಕೋಲ್ನಿಕೋವ್. ಅಂದರೆ ರೊಮಾನ್ ಎಂಬವರ ಮಗ. ಮಗಳಾಗಿದ್ದರೆ ರೊಮಾನೊವ್ನಾ. ಮರ್ಯಾದೆಯಿಂದ ಕರೆಯುವವರು ಮೊದಲ ಎರಡನ್ನು ಸೇರಿಸಿ ಕರೆಯುತ್ತಾರೆ, ತಾಯಿ ‘ರೋದ್ಯಾ’ ಅನ್ನುತ್ತಾಳೆ, ಕಥೆ ಹೇಳುವವನು ರಸ್ಕೋಲ್ನಿಕೋವ್ ಅನ್ನುತ್ತಾನೆ. ಮೂವರೂ ಒಬ್ಬನೇ! ಇಷ್ಟು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಉಳಿದ ಅರ್ಧಕ್ಕೆ ಒಂದು ಚೀಟಿಯಲ್ಲಿ ಹೆಸರು ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ‘ಯುದ್ಧ ಮತ್ತು ಶಾಂತಿ’ಗೆ ವಾಪಸ್ ಹೋಗುವ ಮನಸ್ಸಾದರೆ ಪಿಯರ್, ಆಂದ್ರೇ, ನತಾಶಾ ಈ ಮೂವರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಿಕ್ಕವರು ಬಂದು ಹೋಗಲಿ, ಬೇಕಾದವರು ಮತ್ತೆ ಬಂದೇ ಬರುತ್ತಾರೆ.

ಆದರೆ ಈಗಲೇ ವಾಪಸ್ ಹೋಗಬೇಡಿ. ಅದೇ ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ‘ಇವಾನ್ ಇಲಿಚ್‌ನ ಸಾವು’ ಎಂಬ ನೀಳ್ಗತೆ ಇದೆ. ಹನ್ನೆರಡು ಸಣ್ಣ ಅಧ್ಯಾಯ. ನಿಮ್ಮ ಅರ್ಧ ಗಂಟೆಯ ಲೆಕ್ಕದಲ್ಲಿ ಒಂದು ವಾರ ಸಾಕು. ಒಬ್ಬ ನ್ಯಾಯಾಧೀಶ ಸತ್ತ ಸುದ್ದಿ ಕಚೇರಿಗೆ ಬರುತ್ತದೆ. ಜೊತೆಗಾರರ ತಲೆಗೆ ಮೊದಲು ಬರುವ ಯೋಚನೆ ಅವನ ಜಾಗ ಯಾರಿಗೆ ಸಿಗುತ್ತದೆ, ಅದರಿಂದ ತಮಗೆ ಬಡ್ತಿ ಆಗುತ್ತದಾ ಅನ್ನುವುದು. ಸತ್ತವನಿಗೆ 45 ವರ್ಷ. ಇದನ್ನು ಹದಿನಾರನೇ ವಯಸ್ಸಿನಲ್ಲಿ ಓದಿದ್ದರೆ ನಿಮಗೆ ಏನೂ ತಟ್ಟುತ್ತಿರಲಿಲ್ಲ. ಈಗ ತಟ್ಟುತ್ತದೆ, ಯಾಕೆಂದರೆ ಆ ಕಚೇರಿ ನಿಮಗೆ ಗೊತ್ತು. ತಡವಾಯಿತು ಅಂತ ಕೊರಗುವವರಿಗೆ ನಾನು ಮೊದಲು ಕೊಡುವುದು ಇದೇ ಪುಸ್ತಕ. ಎಷ್ಟೋ ಕ್ಲಾಸಿಕ್‌ಗಳು ಮಧ್ಯವಯಸ್ಸಿನವರು ಮಧ್ಯವಯಸ್ಸಿನವರಿಗೆ ಬರೆದದ್ದು. ಅವನ್ನು ಹುಡುಗರ ಪಠ್ಯಕ್ಕೆ ಹಾಕಿ ನಾವೇ ಕೆಡಿಸಿದ್ದೇವೆ, ಅಲ್ವಾ?

ಶುರು ಮಾಡಲು ಇನ್ನೊಂದು ಒಳ್ಳೆಯ ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ನಿಮಗೆ ಕಥೆ ಗೊತ್ತಿದೆ ಅಂದುಕೊಂಡಿರುವ ಪುಸ್ತಕಗಳನ್ನೇ ಮೊದಲು ತೆಗೆದುಕೊಳ್ಳಿ. ‘ಗಲಿವರನ ಪ್ರವಾಸ’ ಅಂದರೆ ಕುಳ್ಳರ ನಾಡು, ದೈತ್ಯರ ನಾಡು, ಅಷ್ಟೇ ಅಲ್ವಾ? 1726ರ ಮೂಲ ಪುಸ್ತಕದಲ್ಲಿ ನಾಲ್ಕು ಯಾನಗಳಿವೆ. ಕೊನೆಯದರಲ್ಲಿ ಕುದುರೆಗಳು ವಿವೇಕಿಗಳು, ಮನುಷ್ಯರನ್ನು ಹೋಲುವ ಜೀವಿಗಳು ಕೊಳಕು ಪ್ರಾಣಿಗಳು. ಊರಿಗೆ ಮರಳಿದ ಗಲಿವರನಿಗೆ ಹೆಂಡತಿ ಮಕ್ಕಳ ವಾಸನೆಯೂ ಸಹಿಸಲಾಗುವುದಿಲ್ಲ. ಇದು ಮಕ್ಕಳ ಕಥೆಯೇ ಅಲ್ಲ, ಉರಿಯುವ ವಿಡಂಬನೆ.

‘ಫ್ರಾಂಕೆನ್‌ಸ್ಟೈನ್’ ಕೂಡ ಹಾಗೆಯೇ. ಅದು ರಾಕ್ಷಸನ ಹೆಸರಲ್ಲ, ಅವನನ್ನು ಸೃಷ್ಟಿಸಿದವನ ಹೆಸರು. ಸಿನಿಮಾದಲ್ಲಿ ಗುರುಗುಟ್ಟುವ ಆ ಜೀವಿ 1818ರ ಕಾದಂಬರಿಯಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತದೆ ಗೊತ್ತಾ? ಶಾಲೆಯ ಮುಖವನ್ನೇ ನೋಡದ ಅದು ಒಂದು ಕುಟುಂಬದ ಮನೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಅಡಗಿ, ಅವರ ಮಾತು ಕೇಳಿ ಭಾಷೆ ಕಲಿಯುತ್ತದೆ. ಕಾಡಿನಲ್ಲಿ ಸಿಕ್ಕ ಪುಸ್ತಕಗಳಿಂದ ಮಿಲ್ಟನ್, ಪ್ಲುಟಾರ್ಕ್, ಗಯಟೆ ಓದುತ್ತದೆ. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಸಂಗಾತಿ ಸಿಗಲಿಕ್ಕಿಲ್ಲ! ಬರೆಯಲು ಕೂತಾಗ ಮೇರಿ ಶೆಲ್ಲಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಕಥೆ ಮೊದಲೇ ಗೊತ್ತಿದ್ದರೆ ಸ್ವಾರಸ್ಯ ಹೋಗುತ್ತದೆ ಅನ್ನುವ ಭಯವೂ ಬೇಡ. ಸೋಫೋಕ್ಲೀಸನ ‘ಈಡಿಪಸ್’ ನಾಟಕ ನೋಡಲು ಬಂದ ಅಥೆನ್ಸಿನವರಿಗೆ ಈಡಿಪಸ್ ಯಾರು, ಏನು ಮಾಡಿದ ಅಂತ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅವನಿಗೇ. ಅದನ್ನು ಕೂತು ನೋಡುವುದೇ ಆ ನಾಟಕ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಹಳೆಯದರಿಂದ ಕ್ರಮವಾಗಿ ಬರುವ ಪ್ರಶ್ನೆಗೆ ನನ್ನ ಉತ್ತರ ಬೇಡ ಅಂತಲೇ. ಹಾಗೆ ಹೊರಟವರು ಹೋಮರನಲ್ಲೋ ಪಂಪನಲ್ಲೋ ನಿಂತುಬಿಡುತ್ತಾರೆ. ಕಾಲದ ಕ್ರಮ ಬೇಕಾಗುವುದು ಪಾಠ ಮಾಡುವವರಿಗೆ. ಓದುಗನಿಗೆ ಬೇಕಾದ್ದು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುವ ಕುತೂಹಲ. ಉದಾಹರಣೆಗೆ ಫ್ಲೋಬೆರ್‌ನ ‘ಮದಾಮ್ ಬೊವಾರಿ’ ಓದಿ. ಮದುವೆಯಲ್ಲಿ ಉಸಿರುಕಟ್ಟಿದ ಹೆಣ್ಣಿನ ಕಥೆ, 1850ರ ದಶಕದಲ್ಲಿ ಫ್ರಾನ್ಸಿನಲ್ಲಿ ಬರೆದದ್ದು. ಮುಗಿದ ಮೇಲೆ ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ ಹಿಡಿಯಿರಿ. ಇಪ್ಪತ್ತು ವರ್ಷ ಆಮೇಲೆ, ರಷ್ಯಾ, ಅದೇ ಇಕ್ಕಟ್ಟು, ಬೇರೆಯೇ ಮನಸ್ಸು. ಅದಾದ ಮೇಲೆ ಇಬ್ಸೆನ್ 1879ರಲ್ಲಿ ಬರೆದ ‘ಗೊಂಬೆಯ ಮನೆ’. ಅಲ್ಲಿ ನೋರಾ ಸಾಯುವುದಿಲ್ಲ, ಬಾಗಿಲು ಹಾಕಿಕೊಂಡು ಹೊರಟುಹೋಗುತ್ತಾಳೆ. ಆಮೇಲೆ ನಮ್ಮ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ತೆಗೆಯಿರಿ. 1899ರದ್ದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಪರೀಕ್ಷೆಗೆ ಉರು ಹೊಡೆದಿರುತ್ತೀರಿ. ಅದರಲ್ಲಿ ಎಳೆಯ ವಿಧವೆ ಮನೆ ಬಿಟ್ಟು, ಓದು ಕಲಿತು, ಮತ್ತೆ ಮದುವೆಯಾಗುತ್ತಾಳೆ. ಈ ನಾಲ್ಕನ್ನು ಸಾಲಾಗಿ ಓದಿದರೆ ಅವು ತಮ್ಮತಮ್ಮಲ್ಲೇ ಜಗಳ ಆಡುತ್ತಿವೆ ಅನಿಸುತ್ತದೆ. ನಾಲ್ಕು ಬಿಡಿ ಪುಸ್ತಕಗಳಿಂದ ಆ ಸುಖ ಸಿಗುವುದಿಲ್ಲ. ಇಂಥ ಸರಪಳಿಯನ್ನು ನೀವೇ ಕಟ್ಟಬಹುದು: ಸಮುದ್ರ, ಅಪರಾಧ, ಅಪ್ಪ-ಮಗ, ಏನಾದರೂ ಆದೀತು.

ಸಮಯದ ಬಗ್ಗೆ ನಿಮಗೆ ಇರುವ ಚಿಂತೆ ನನಗೆ ಇಲ್ಲ. ಅರ್ಧ ಗಂಟೆಗೆ ಹದಿನೈದು ಪುಟ ಅಂತ ಹಿಡಿಯಿರಿ. ವರ್ಷಕ್ಕೆ 5,475 ಪುಟ. ಮುನ್ನೂರು ಪುಟದ ಹದಿನೆಂಟು ಪುಸ್ತಕ. ರಜಾ, ಜ್ವರ, ಸೋಮಾರಿತನ ಎಲ್ಲ ಕಳೆದರೂ ಹತ್ತು ಉಳಿಯುತ್ತವೆ.

ಇನ್ನೊಂದು ವಿಷಯ. ಈ ದಪ್ಪ ಕಾದಂಬರಿಗಳಲ್ಲಿ ಎಷ್ಟೋ ಮೊದಲು ಬಂದದ್ದು ಕಂತುಗಳಲ್ಲಿ. ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ 1836–37ರಲ್ಲಿ ತಿಂಗಳಿಗೊಂದು ಕಂತಿನಂತೆ ಬಂತು. 1866ರಲ್ಲಿ ರಷ್ಯಾದ ಒಂದೇ ಪತ್ರಿಕೆಯಲ್ಲಿ ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯೂ ಟಾಲ್‌ಸ್ಟಾಯ್‌ನ ಆ ದೊಡ್ಡ ಕಾದಂಬರಿಯ ಮೊದಲ ಭಾಗಗಳೂ ಅಚ್ಚಾಗುತ್ತಿದ್ದವು. ಎಂಥ ಚಂದಾದಾರರು, ಪುಣ್ಯವಂತರು! ಅವರು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಓದಿ, ಮಧ್ಯೆ ಹರಟೆ ಹೊಡೆದು, ಮುಂದಿನ ಸಂಚಿಕೆಗೆ ಕಾದರು. ‘ಯುದ್ಧ ಮತ್ತು ಶಾಂತಿ’ಯಲ್ಲಿ ಸಾಮಾನ್ಯವಾಗಿ ಎಣಿಸುವುದು 361 ಅಧ್ಯಾಯ, ಹೆಚ್ಚಿನವು ಕೆಲವೇ ಪುಟದವು. ದಿನಕ್ಕೊಂದು ಓದಿದರೆ ಒಂದು ವರ್ಷ. ಅದು ನಿಧಾನ ಅಲ್ಲ, ಆ ಪುಸ್ತಕಕ್ಕೆ ತಕ್ಕ ವೇಗ.

ಸಂಗ್ರಹ ಆವೃತ್ತಿ ಬೇಡ. ಆದರೆ ನೀವೇ ಪುಟ ಹಾರಿಸಿ ಓದಬಹುದು, ಧಾರಾಳವಾಗಿ. ಎರಡೂ ಒಂದೇ ಅಲ್ಲ. ಸಂಗ್ರಹದಲ್ಲಿ ಏನು ಹೋಯಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಅಲ್ಲಿ ಉಳಿಯುವುದು ಘಟನೆ, ಹೋಗುವುದು ದನಿ. ಹಾರಿಸಿ ಓದುವಾಗ ಬಿಟ್ಟದ್ದು ಅಲ್ಲೇ ಇರುತ್ತದೆ, ಮನಸ್ಸು ಬದಲಾದರೆ ಹಿಂದಕ್ಕೆ ತಿರುಗಿಸಬಹುದು. ಹ್ಯೂಗೋನ ‘ಲೇ ಮಿಸೆರಾಬ್ಲ್’ ಎರಡನೇ ಭಾಗದ ಶುರುವಿನಲ್ಲಿ ವಾಟರ್ಲೂ ಯುದ್ಧದ ಉದ್ದುದ್ದ ವರ್ಣನೆ ಇದೆ. ಬೇಜಾರಾದರೆ ಹಾರಿಸಿ. ಆದರೆ ಅದರ ಕೊನೆಯ ಅಧ್ಯಾಯ, ರಾತ್ರಿ ಹೆಣಗಳ ಜೇಬು ತಡಕುವ ಕಳ್ಳನ ಅಧ್ಯಾಯ, ಬಿಡಬೇಡಿ. ಮುಂದಿನ ಕಥೆಯ ಗಂಟು ಅಲ್ಲಿದೆ. ‘ಮೋಬಿ ಡಿಕ್’ನಲ್ಲಿ ತಿಮಿಂಗಿಲಗಳ ಜಾತಿ ವಿಂಗಡಣೆಗೇ ಒಂದು ಉದ್ದನೆಯ ಅಧ್ಯಾಯ ಮೀಸಲಾಗಿದೆ. ನನಗೆ ಅದು ಖುಷಿ ಕೊಡುತ್ತದೆ, ನಿಮಗೆ ಕೊಡದೆ ಇರಬಹುದು. ‘ಒಡಿಸ್ಸಿ’ಯ 24 ಸರ್ಗಗಳಲ್ಲಿ ಮೊದಲ ನಾಲ್ಕರಲ್ಲಿ ಒಡಿಸಿಯಸ್ ಕಾಣಿಸಿಕೊಳ್ಳುವುದೇ ಇಲ್ಲ, ಎಲ್ಲ ಅವನ ಮಗನ ಕಥೆ. ಐದರಿಂದ ಶುರು ಮಾಡಿ, ಆಮೇಲೆ ಮೊದಲ ನಾಲ್ಕಕ್ಕೆ ಬಂದರೂ ಏನೂ ಕೆಡುವುದಿಲ್ಲ.

ಮುನ್ನುಡಿಯನ್ನು ಮಾತ್ರ ಕೊನೆಯಲ್ಲೇ ಓದಿ. ಪಂಡಿತರು ಮುನ್ನುಡಿ ಬರೆಯುವುದು ನೀವು ಪುಸ್ತಕ ಓದಿದ್ದೀರಿ ಅಂದುಕೊಂಡು. ನಾನೂ ಹಾಗೇ ಬರೆಯುತ್ತೇನೆ.

ಭಾಷೆಯ ವಿಷಯ. ಟಾಲ್‌ಸ್ಟಾಯ್, ಫ್ಲೋಬೆರ್, ಇಬ್ಸೆನ್, ಸೋಫೋಕ್ಲೀಸ್ ಯಾರೂ ಇಂಗ್ಲಿಷಿನಲ್ಲಿ ಬರೆದವರಲ್ಲ. ಇಂಗ್ಲಿಷಿನಲ್ಲಿ ಓದಿದರೂ ನೀವು ಓದುವುದು ಅನುವಾದವನ್ನೇ. ಹಾಗಾಗಿ ಕನ್ನಡದಲ್ಲಿ ಓದಿದರೆ ಒಂದು ಮೆಟ್ಟಿಲು ಕೆಳಗೆ ಅನ್ನುವ ಸಂಕೋಚಕ್ಕೆ ಅರ್ಥ ಇಲ್ಲ. ನೋಡಬೇಕಾದ್ದು ಅನುವಾದ ಹೇಗಿದೆ ಅಂತ. ಮಾತುಕತೆ ಇರುವ ಒಂದು ಪುಟ ತೆಗೆದು ಬಾಯಿಬಿಟ್ಟು ಓದಿ. ಯಾರೂ ಹಾಗೆ ಮಾತಾಡುವುದಿಲ್ಲ ಅನಿಸಿದರೆ ಬೇರೆ ಅನುವಾದ ಹುಡುಕಿ. ಇಂಗ್ಲಿಷಿನಲ್ಲಿ ಉಚಿತವಾಗಿ ಸಿಗುವವು ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಅನುವಾದಗಳು. 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಅಂತರಜಾಲದ ಪುಸ್ತಕ ಭಂಡಾರದಲ್ಲಿ ರಾಶಿ ರಾಶಿ ಇವೆ. ರಷ್ಯನ್ ಕಾದಂಬರಿಗಳಿಗೆ ಕಾನ್‌ಸ್ಟನ್ಸ್ ಗಾರ್ನೆಟ್ ಅವರ ಅನುವಾದಗಳು ಅಲ್ಲಿ ಸಿಗುತ್ತವೆ. ಹಳೆಯ ಇಂಗ್ಲಿಷ್, ಆದರೆ ಓದಿಸಿಕೊಂಡು ಹೋಗುತ್ತದೆ. ಕಣ್ಣು ದಣಿದಿದ್ದರೆ ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಆಡಿಯೊ ಇದೆ. ಕೇಳುವುದೂ ಓದೇ.

ಶೇಕ್ಸ್‌ಪಿಯರ್ ವಿಷಯ ಬೇರೆ, ಅವನು ಇಂಗ್ಲಿಷಿನಲ್ಲೇ ಬರೆದವನು. ಅವನನ್ನು ಮೊದಲು ನೋಡಿ, ಆಮೇಲೆ ಓದಿ. ಒಳ್ಳೆಯ ನಟರು ಆಡಿದರೆ ಅರ್ಥವಾಗದ ಪದಗಳೂ ಮುಖದಲ್ಲಿ ಅರ್ಥವಾಗುತ್ತವೆ. ‘ಹ್ಯಾಮ್ಲೆಟ್’ಗೆ ಕೈ ಹಾಕುವ ಮೊದಲು ಕುವೆಂಪು ಅದನ್ನು ಬಿದನೂರಿನ ಇತಿಹಾಸಕ್ಕೆ ತಂದು ಬರೆದ ‘ರಕ್ತಾಕ್ಷಿ’ ಓದಿದರೆ ಇನ್ನೂ ಚೆನ್ನ.

ಈಗ ಪಂಪ, ರನ್ನ, ಕುಮಾರವ್ಯಾಸ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಓದುಗರು ಜಾಸ್ತಿ ಹೆದರುವುದು ಇಲ್ಲೇ.

ಹಿಂದಿನಿಂದ ಮುಂದಕ್ಕೆ ಬರಬೇಡಿ, ಇವತ್ತಿನಿಂದ ಹಿಂದಕ್ಕೆ ಹೋಗಿ. ಕಾರಂತರ ‘ಚೋಮನ ದುಡಿ’ 1933ರದ್ದು, ಸಣ್ಣದು, ಭಾಷೆ ನಿಮ್ಮದೇ. ಮಾಸ್ತಿಯವರ ಸಣ್ಣಕತೆಗಳೂ ಹಾಗೆಯೇ. ಅಲ್ಲಿಂದ ಮುದ್ದಣನ ‘ಶ್ರೀರಾಮಾಶ್ವಮೇಧ’ಕ್ಕೆ ಬನ್ನಿ. ಹಳಗನ್ನಡದ ಧಾಟಿ, ಆದರೆ ಗದ್ಯ. ಗಂಡ ಕಥೆ ಹೇಳುತ್ತಾನೆ, ಹೆಂಡತಿ ಮನೋರಮೆ ನಡುನಡುವೆ ತಡೆಯುತ್ತಾಳೆ. ಪದ್ಯ ಬೇಡ ಅನ್ನುತ್ತಾಳೆ, ಸಂಸ್ಕೃತ ಜಾಸ್ತಿಯಾದರೆ ಗದರುತ್ತಾಳೆ. ನೀವು ಕೇಳಬೇಕು ಅಂದುಕೊಂಡದ್ದನ್ನೆಲ್ಲ ಅವಳೇ ಕೇಳಿಬಿಡುತ್ತಾಳೆ.

ಆಮೇಲೆ ಕುಮಾರವ್ಯಾಸ. ಹತ್ತು ಪರ್ವಗಳನ್ನೂ ಮುಗಿಸುವ ಹಟ ಬೇಡ. ವಿರಾಟಪರ್ವದ ಉತ್ತರಕುಮಾರನ ಪ್ರಸಂಗ ತೆಗೆಯಿರಿ. ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವ ಸೈನ್ಯ ಕಂಡದ್ದೇ ರಥದಿಂದ ಇಳಿದು ಓಡುವವನ ಕಥೆ. ನಗದೆ ಓದಲು ಆಗುವುದಿಲ್ಲ. ಅಚ್ಚಿನಲ್ಲಿ ಭಾಮಿನಿ ಷಟ್ಪದಿ ಕಷ್ಟ ಅನಿಸುವುದಕ್ಕೆ ಒಂದು ಸರಳ ಕಾರಣ ಇದೆ. ಪದಗಳು ಸಂಧಿಯಾಗಿ ಅಂಟಿಕೊಂಡಿರುತ್ತವೆ, ಎಷ್ಟೋ ಕಡೆ ಒಂದು ಪದ ಅರ್ಧ ಮೇಲಿನ ಸಾಲಿನಲ್ಲಿ, ಅರ್ಧ ಕೆಳಗಿನ ಸಾಲಿನಲ್ಲಿ. ಕಣ್ಣು ಸಾಲಿನ ಕೊನೆಗೆ ನಿಲ್ಲುತ್ತದೆ, ಅರ್ಥ ನಿಲ್ಲುವುದಿಲ್ಲ. ಪದ ಬಿಡಿಸಿ ಗದ್ಯಾನುವಾದ ಕೊಟ್ಟಿರುವ ಆವೃತ್ತಿಯನ್ನೇ ತೆಗೆದುಕೊಳ್ಳಿ. ಮತ್ತೆ, ಜೋರಾಗಿ ಓದಿ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು, ಹೀಗೆ ಲಯ ನಡೆಯುತ್ತದೆ. ಕೆಲವು ಪದ್ಯ ಆಗುವಷ್ಟರಲ್ಲಿ ಬಾಯಿಗೆ ಹತ್ತುತ್ತದೆ. ಗಮಕಿಗಳು ಹಾಡಿದ ಧ್ವನಿಮುದ್ರಣ ಸಿಕ್ಕರೆ ಪುಸ್ತಕ ಮುಂದೆ ಇಟ್ಟುಕೊಂಡು ಕೇಳಿ. ಈ ಕಾವ್ಯ ಜನರಿಗೆ ಮುಟ್ಟಿದ್ದೇ ಕಿವಿಯಿಂದ.

ಹಳಗನ್ನಡಕ್ಕೆ ವ್ಯಾಕರಣ ಪುಸ್ತಕದಿಂದ ಶುರು ಮಾಡಬೇಡಿ. ಮೊದಲಿಗೆ ಒಂದು ಕೀಲಿ ಸಾಕು: ಪದದ ಶುರುವಿನಲ್ಲಿ ‘ಪ’ ಕಂಡರೆ ‘ಹ’ ಹಾಕಿ ನೋಡಿ. ಪಾಲ್ ಹಾಲಾಗುತ್ತದೆ, ಪಲ್ ಹಲ್ಲಾಗುತ್ತದೆ, ಪೂ ಹೂವಾಗುತ್ತದೆ, ಪೋದಂ ಅಂದರೆ ಹೋದನು. ಎಲ್ಲ ಕಡೆಯೂ ನಡೆಯುವುದಿಲ್ಲ, ಆದರೂ ಸುಮಾರು ಬಾಗಿಲು ತೆರೆಯುತ್ತದೆ. ಉಳಿದದ್ದನ್ನು ಗದ್ಯಾನುವಾದ ನೋಡಿಕೊಳ್ಳುತ್ತದೆ. ಮೊದಲು ಅನುವಾದ ಓದಿ, ಆಮೇಲೆ ಪದ್ಯ. ಇದನ್ನು ಕಾಪಿ ಹೊಡೆಯುವುದು ಅಂತ ಭಾವಿಸುವವರಿದ್ದಾರೆ. ಸುಮ್ನೆ ಓದಿ.

ರನ್ನನ ‘ಗದಾಯುದ್ಧ’ ಇಲ್ಲಿ ಒಳ್ಳೆಯ ಆಯ್ಕೆ. ಇಡೀ ಮಹಾಭಾರತವನ್ನು ಅವನು ಭೀಮ–ದುರ್ಯೋಧನರ ಕೊನೆಯ ಕಾಳಗಕ್ಕೆ ಇಳಿಸಿ, ಹಿಂದಿನ ಕಥೆಯನ್ನು ನೆನಪಿನ ಹಾಗೆ ಹೇಳುತ್ತಾನೆ. ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆದು, ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರನ್ನೂ ಕಂಡು ಅಳುವ ಭಾಗದಿಂದ ಶುರು ಮಾಡಿ. ಪಠ್ಯದಲ್ಲಿ ಅದರ ನಾಲ್ಕಾರು ಪದ್ಯ ನಿಮಗೂ ಬಂದಿರಬಹುದು. ಆಗ ಅದು ಭಾವಾರ್ಥ ಬರೆಯುವ ಪ್ರಶ್ನೆಯಾಗಿತ್ತು.

ಪಂಪನಿಗೆ ಹೋಗುವಾಗ ಒಂದೇ ದೃಶ್ಯವನ್ನು ಎರಡು ಕಡೆ ಓದಿ. ಕೃಷ್ಣ ಕರ್ಣನನ್ನು ಒಬ್ಬನನ್ನೇ ಕರೆದು ಅವನ ಹುಟ್ಟಿನ ಗುಟ್ಟು ಹೇಳುವ ಸಂದರ್ಭ ಕುಮಾರವ್ಯಾಸನ ಉದ್ಯೋಗಪರ್ವದಲ್ಲಿದೆ, ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲೂ ಇದೆ. ಇಬ್ಬರ ನಡುವೆ ನೂರಾರು ವರ್ಷಗಳ ಅಂತರ. ಮೊದಲು ಕುಮಾರವ್ಯಾಸನದ್ದು ಓದಿ, ಭಾಷೆ ಹತ್ತಿರದ್ದು. ಮರುದಿನ ಪಂಪನದ್ದು, ಗದ್ಯಾನುವಾದದ ಜೊತೆ. ಕರ್ಣ ಎಲ್ಲಿ ಕರಗುತ್ತಾನೆ, ಎಲ್ಲಿ ಗಟ್ಟಿಯಾಗುತ್ತಾನೆ, ಇಬ್ಬರು ಕವಿಗಳಲ್ಲಿ ಯಾರಿಗೆ ಕೃಷ್ಣನ ಮೇಲೆ ಅನುಮಾನ ಜಾಸ್ತಿ ಅಂತ ನೋಡಿಕೊಳ್ಳಿ. ಜೊತೆಗೆ ಓದುವವರು ಒಬ್ಬರು ಸಿಕ್ಕರೆ ಇದರ ಮೇಲೆ ಒಂದು ಸಂಜೆ ಪೂರ್ತಿ ವಾದ ಮಾಡಬಹುದು. ನನ್ನ ಅಭಿಪ್ರಾಯ ನಿಮಗೆ ಈಗ ಹೇಳುವುದಿಲ್ಲ. ಎರಡನ್ನೂ ಓದಿದ ಮೇಲೆ ಮತ್ತೆ ಬರೆಯಿರಿ, ಆಗ ಹೇಳುತ್ತೇನೆ.